ಶುಂಠಿ ಶೆಡ್ಡಿಗೆ ಸ್ಯಾಟಲೈಟ್ ಇಂಟರ್‌ನೆಟ್ ಬೇಕಾ? ಮೊದಲು ಬ್ಯಾಟರಿ ಲೆಕ್ಕ ಹಾಕಿ

"ಬರುವಾಗ ಒಂದು ಡಿಶ್ ತಂದುಕೊಡ್ಲೇನೋ? ಬ್ಯಾಗಲ್ಲಿ ಹಾಕ್ಕೊಂಡು ಬರ್ತೀನಿ, ಲ್ಯಾಪ್‌ಟಾಪ್‌ನಷ್ಟೇ ಇದೆ" ಅಂತ ಗೆಳೆಯ ಹೋದ ತಿಂಗಳು ಫೋನಲ್ಲಿ ಕೇಳಿದ. ಮೂಡಿಗೆರೆ ತೋಟಗಾರಿಕೆ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬ್ಯಾಚು. ಅವನೀಗ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ, ಕ್ಯಾಥರೀನ್ ಅನ್ನೋ ಊರಿನ ಹತ್ತಿರ ಒಂದು ಮಾವಿನ ತೋಟದಲ್ಲಿ ಮೇಲ್ವಿಚಾರಕ. ಕೊಯ್ಲಿನ ಕಾಲದಲ್ಲಿ ತೋಟದ ಮೂಲೆಯಲ್ಲಿ ಕ್ಯಾಂಪ್ ಹಾಕ್ತಾರೆ. ಕರೆಂಟಿಲ್ಲ, ಟವರಿಲ್ಲ. ಗಾಡಿಯ ತಲೆಮೇಲೆ ಸ್ಟಾರ್‌ಲಿಂಕ್ ಮಿನಿ ಇಟ್ಟು, ಗಾಡಿ ಬ್ಯಾಟರಿಯಿಂದಲೇ ಓಡಿಸಿ, ಅಲ್ಲಿಂದಲೇ ನನ್ನ ಜೊತೆ ವಿಡಿಯೋ ಕಾಲ್ ಮಾಡ್ತಾನೆ. ನಾನು ಅವನ ಫೋನ್ ಎತ್ತಬೇಕಾದರೆ ಶೆಡ್ಡಿಂದ ಒಂದೂವರೆ ಕಿಲೋಮೀಟರ್ ನಡೆದು ಒಂದು ಬಂಡೆ ಹತ್ತಬೇಕಿತ್ತು. "ಸುಮ್ನೆ ಯಾಕೆ ಒದ್ದಾಡ್ತೀಯ ಮಾರಾಯ" ಅಂದ.

ಒಂದು ನಿಮಿಷ ಹೂಂ ಅನ್ನೋಣ ಅನ್ನಿಸಿದ್ದು ಸುಳ್ಳಲ್ಲ. ಬೇಡ ಅಂದೆ. ಯಾಕೆ ಬೇಡ ಅಂದೆ, ಮುಂದೆ ಯಾವಾಗ ಬೇಕು ಅನ್ನಬಹುದು ಅನ್ನೋದನ್ನ ಬರೆಯೋಣ ಅಂತ ಕೂತಿದ್ದೀನಿ. ನಿಮ್ಮಲ್ಲಿ ತುಂಬ ಜನ ಗುತ್ತಿಗೆ ಜಮೀನಿನಲ್ಲಿ ಶುಂಠಿ, ಕಲ್ಲಂಗಡಿ, ಬಾಳೆ ಮಾಡಿ ಎಂಟು-ಹತ್ತು ತಿಂಗಳು ತಗಡಿನ ಶೆಡ್ಡಿನಲ್ಲಿ ಕಳೆಯೋರು. ಈ ಪ್ರಶ್ನೆ ನಿಮ್ಮ ಮನೆ ಬಾಗಿಲಿಗೂ ಬರುತ್ತೆ.

ನನ್ನ ಜಾಗ ಎಂಥದ್ದು ಅಂತ ಮೊದಲು ಹೇಳಿಬಿಡ್ತೀನಿ. 2024ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಎರಡೂವರೆ ಎಕರೆ ಶುಂಠಿಗೆ ಹಿಡಿದೆ. ಶುಂಠಿ ಮಾಡಿದ ಜಾಗಕ್ಕೇ ಮರುವರ್ಷ ಶುಂಠಿ ಹಾಕಿದರೆ ಕೊಳೆ ರೋಗಕ್ಕೆ ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಹಾಗಾಗಿ ವರ್ಷ ವರ್ಷ ಜಾಗ ಬದಲು, ಶೆಡ್ ಬದಲು. ಸಾವಯವ ಅಂತ ಮಾಡ್ತೀನಿ, ಆದರೆ ಒಂದೇ ವರ್ಷದ ಜಮೀನಿಗೆ ಪ್ರಮಾಣಪತ್ರ ಸಿಗಲ್ಲ. ಗಿರಾಕಿಗಳಿಗೆ ನನ್ನ ಮಾತೇ ಪ್ರಮಾಣಪತ್ರ. ಕರೆಂಟಿನ ಕಂಬ ಶೆಡ್ಡಿಂದ ಒಂದೂವರೆ ಕಿಲೋಮೀಟರ್ ದೂರ. ಲಿಂಗನಮಕ್ಕಿ ನೀರು ನಾಡಿಗೆಲ್ಲ ಕರೆಂಟ್ ಕೊಡುತ್ತೆ, ಅದೇ ನೀರಿನ ದಡದಲ್ಲಿ ನಾವು ಟಾರ್ಚ್ ಹಿಡ್ಕೊಂಡು ಓಡಾಡ್ತೀವಿ. ಈ ಕಡೆ ಊರುಗಳು "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಾಕಿದ್ದು ನೀವೂ ಓದಿರ್ತೀರಿ. ಊರಿಗೇ ಆ ಗತಿ ಅಂದಮೇಲೆ ಊರಿಂದ ಆಚೆಗಿನ ಶೆಡ್ಡಿನ ಪಾಡು ಕೇಳೋದೇ ಬೇಡ.

ಜುಲೈನ ಆ ರಾತ್ರಿ

ಆ ವರ್ಷ ಜುಲೈನಲ್ಲಿ ಮಳೆ ಬಿಡದೆ ಹೊಡೀತಿತ್ತು. ಹಾವೇರಿ ಕಡೆಯಿಂದ ಬಂದ ಗಂಡ-ಹೆಂಡತಿ ನಮ್ಮ ಶೆಡ್ಡಿನಲ್ಲೇ ಇದ್ದರು. ಗಂಡನಿಗೆ ನನಗಿಂತ ಹತ್ತು ವರ್ಷ ಜಾಸ್ತಿ ವಯಸ್ಸು, ನಾನು ಅಣ್ಣ ಅಂತಿದ್ದೆ, ಅವರೂ ನನ್ನನ್ನ ಅಣ್ಣಾರ ಅಂತಿದ್ದರು. ರಾತ್ರಿ ಎರಡು ಗಂಟೆ ಸುಮಾರಿಗೆ ಹೊರಗೆ ಹೋದವರಿಗೆ ಹಾವು ಕಚ್ಚಿತು. ಯಾವ ಹಾವು ಅಂತ ಯಾರೂ ನೋಡಲಿಲ್ಲ. ಅಕ್ಕ ಕಾಲಿಗೆ ಹಗ್ಗ ಕಟ್ಟೋಕೆ ಹೋದಳು, ಬೇಡ ಅಂತ ಬಿಡಿಸಿ, ಅವರನ್ನ ಅಲ್ಲಾಡದ ಹಾಗೆ ಮಲಗಿಸಿ, ನಾನು ಬಂಡೆ ಕಡೆ ಓಡಿದೆ. ಆ ಒಂದೂವರೆ ಕಿಲೋಮೀಟರ್ ಕೆಸರಿನಲ್ಲಿ ನಾನು ಯೋಚನೆ ಮಾಡಿದ್ದು ಒಂದೇ: ಇದೇ ಶೆಡ್ಡಲ್ಲಿ ನೆಟ್ ಇದ್ದಿದ್ದರೆ.

ಬಂಡೆ ಮೇಲೆ ಒಂದು ಕಡ್ಡಿ ಸಿಕ್ಕಿತು. 108ಕ್ಕೆ ಮಾಡಿದೆ, ಊರಿನ ಒಬ್ಬರ ಜೀಪಿಗೂ ಮಾಡಿದೆ. ಜೀಪೇ ಮೊದಲು ಬಂತು. ಆಗ ಹಿನ್ನೀರಿಗೆ ಸೇತುವೆ ಇರಲಿಲ್ಲ (ಅದು ತೆರೆದಿದ್ದು 2025ರ ಜುಲೈನಲ್ಲಿ), ರಾತ್ರಿ ಲಾಂಚ್ ಇಲ್ಲ. ಹತ್ತಿರದ ಆರೋಗ್ಯ ಕೇಂದ್ರ, ಅಲ್ಲಿಂದ ಸುತ್ತು ಹಾದಿಯಲ್ಲಿ ದೊಡ್ಡ ಆಸ್ಪತ್ರೆ. ಐದು ದಿನಕ್ಕೆ ಎದ್ದು ಕೂತರು. ಕಾಲಿನ ಊತ ಇಳಿಯೋಕೆ ತಿಂಗಳಾಯಿತು.

ಅವತ್ತಿನಿಂದ ನನಗೆ ಸ್ಯಾಟಲೈಟ್ ಇಂಟರ್‌ನೆಟ್ಟಿನ ಹುಚ್ಚು ಹಿಡಿಯಿತು. ಸಿಕ್ಕಿದ್ದೆಲ್ಲ ಓದಿದೆ, ಯೂಟ್ಯೂಬ್ ನೋಡಿದೆ. ಕೊನೆಗೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಒಂದು ಮಾತು ಗೊತ್ತಾಯಿತು. ಶೆಡ್ಡಲ್ಲಿ ಡಿಶ್ ಇದ್ದಿದ್ದರೂ ಆ ರಾತ್ರಿ ಎರಡು ಗಂಟೆಗೆ ಅದು ಆಫ್ ಆಗಿರ್ತಿತ್ತು.

ಲೆಕ್ಕ ಇಲ್ಲಿದೆ

ನಮ್ಮಲ್ಲಿದ್ದದ್ದು 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್, 12 ವೋಲ್ಟಿನ 100 ಎಎಚ್ ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿ. (ಸೋಲಾರ್ ಬೇಲಿಯ ಬ್ಯಾಟರಿ ಬೇರೆ, ಅದನ್ನ ಮುಟ್ಟೋ ಹಾಗಿಲ್ಲ. ಒಂದು ರಾತ್ರಿ ಬೇಲಿ ಸತ್ತರೆ ಹಂದಿಗಳಿಗೆ ಹಬ್ಬ.) ಬ್ಯಾಟರಿಯಲ್ಲಿ ಕಾಗದದ ಮೇಲೆ 1,200 ವ್ಯಾಟ್ ಅವರ್ ಇರುತ್ತೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನ ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಎರಡನೇ ವರ್ಷಕ್ಕೆ ಗುಜರಿ. ಅಂದರೆ ಕೈಗೆ ಸಿಗೋದು 600. ಏಪ್ರಿಲ್ ಬಿಸಿಲಿನಲ್ಲಿ ಆ ಪ್ಯಾನೆಲ್ ದಿನಕ್ಕೆ 400ರ ಮೇಲೆ ಕೊಡುತ್ತೆ. ಜುಲೈನ ಮಲೆನಾಡಿನ ಮೋಡದಲ್ಲಿ? ನನ್ನ ಚಾರ್ಜ್ ಕಂಟ್ರೋಲರ್ ತೋರಿಸಿದ ಪ್ರಕಾರ 120 ಬಂದ ದಿನ ಒಳ್ಳೆಯ ದಿನ.

ಎರಡು ಎಲ್‌ಇಡಿ ಬಲ್ಬು ಸಂಜೆ ಐದು ಗಂಟೆ ಉರಿದರೆ 50. ನಾಲ್ಕು ಮೊಬೈಲ್ ಚಾರ್ಜಿಗೆ 60. ಅಲ್ಲಿಗೆ 110, ದಿನದ ದುಡಿಮೆ ದಿನದ ಊಟಕ್ಕೇ ಸರಿಹೋಯಿತು.

ಈಗ ಡಿಶ್ ತನ್ನಿ. ಸ್ಟಾರ್‌ಲಿಂಕ್‌ನ ಮಾಮೂಲಿ ಡಿಶ್ ಸರಾಸರಿ 75ರಿಂದ 100 ವ್ಯಾಟ್ ಎಳೆಯುತ್ತೆ. 75 ಅಂತಲೇ ಹಿಡಿದರೂ ದಿನವಿಡೀ ಇಟ್ಟರೆ 1,800, ಅಂದರೆ ದಿನಕ್ಕೆ ಹತ್ತಿರ ಹತ್ತಿರ ಎರಡು ಯೂನಿಟ್. ತುಂಬಿದ ಬ್ಯಾಟರಿ ಎಂಟು ಗಂಟೆಗೆ ಖಾಲಿ. ಚಿಕ್ಕದು, ಮಿನಿ ಅನ್ನೋದು, 25ರಿಂದ 40 ವ್ಯಾಟ್. 30 ಅಂತ ಹಿಡಿದು ದಿನಕ್ಕೆ ಬರೀ ಮೂರು ಗಂಟೆ ಹಾಕಿದರೂ 90 ಬೇಕು. ನಮ್ಮ 110ರ ಜೊತೆ ಸೇರಿ 200. ಬರೋದು 120. ದಿನಕ್ಕೆ 80 ಸಾಲ. ಏಳೆಂಟು ದಿನಕ್ಕೆ ಬ್ಯಾಟರಿ ದಿವಾಳಿ, ಜುಲೈನಲ್ಲಿ ಮಳೆ ಏಳೆಂಟು ದಿನಕ್ಕೆ ನಿಲ್ಲಲ್ಲ. ಮಿನಿಯನ್ನ ಹಗಲು-ರಾತ್ರಿ ಓಡಿಸಬೇಕು ಅಂದರೆ ಮಳೆಗಾಲದಲ್ಲಿ ನನ್ನ ಜಾಗಕ್ಕೆ ಸುಮಾರು 700 ವ್ಯಾಟಿನ ಪ್ಯಾನೆಲ್ ಬೇಕು. ಅದನ್ನ ವರ್ಷ ವರ್ಷ ಬಿಚ್ಚಿ, ಟ್ರ್ಯಾಕ್ಟರಿಗೆ ಏರಿಸಿ, ಇನ್ನೊಂದು ಗುಡ್ಡಕ್ಕೆ ಸಾಗಿಸಬೇಕು.

ಹಾಗಾಗಿ ಯಾರೇ ಆಗಲಿ ಏನು ಮಾಡ್ತಾರೆ? ಸಂಜೆ ಎರಡು ಗಂಟೆ ಹಾಕಿ, ಮಲಗುವಾಗ ಆಫ್ ಮಾಡ್ತಾರೆ. ನಾನೂ ಅದನ್ನೇ ಮಾಡ್ತಿದ್ದೆ. ಕತ್ತಲಲ್ಲಿ, ಮಳೆಯಲ್ಲಿ, ಡಿಶ್ ಆನ್ ಮಾಡಿ ಅದು ಸ್ಯಾಟಲೈಟ್ ಹುಡುಕಿಕೊಳ್ಳೋಕೆ ಕೆಲವು ನಿಮಿಷ ಕಾಯಬೇಕು. ಅಷ್ಟಾದರೂ ಬ್ಯಾಟರಿ ಇದ್ದರೆ ತಾನೇ. "ತುರ್ತಿಗೆ ಅಂತ ತಗೊಂಡೆ" ಅನ್ನೋ ಮಾತು ಕೇಳೋಕೆ ಚಂದ. ರಾತ್ರಿ ಆಫ್ ಆಗಿರೋ ಸಾಮಾನು ತುರ್ತಿನ ಸಾಮಾನಲ್ಲ.

ಇನ್ವರ್ಟರ್ ಹಾಕಿ 220 ವೋಲ್ಟ್ ಮಾಡಿ ಮತ್ತೆ ಅಡಾಪ್ಟರಿನಲ್ಲಿ ಇಳಿಸೋ ಸರ್ಕಸ್ ಬೇರೆ ಇದೆ, ಅದರಲ್ಲಿ ಹತ್ತು-ಹದಿನೈದು ಪರ್ಸೆಂಟ್ ಶಾಖವಾಗಿ ಹೋಗುತ್ತೆ. ಮಿನಿ ನೇರ 12 ವೋಲ್ಟಿನ ಡಿಸಿಯಲ್ಲಿ ಓಡುತ್ತೆ, ಅದೊಂದು ಒಳ್ಳೆ ಗುಣ. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಎಂಬತ್ತು ಪರ್ಸೆಂಟ್‌ವರೆಗೂ ಬಳಸಬಹುದು. ಆದರೆ ಬ್ಯಾಟರಿ ಎಷ್ಟೇ ಒಳ್ಳೆಯದಿರಲಿ, ಮೋಡದಿಂದ ಬಿಸಿಲು ಹಿಂಡೋಕಾಗಲ್ಲ.

ಹದಿನೆಂಟು ದಿನದ ನೆಟ್

ಆ ವರ್ಷ ನವೆಂಬರಿನಲ್ಲಿ ಒಂದು ಸರ್ವೆ ತಂಡ ನಮ್ಮ ಗುಡ್ಡದ ಪಕ್ಕ ಟೆಂಟ್ ಹಾಕಿತು. ಅವರ ಹತ್ತಿರ ವಿಸ್ಯಾಟ್ ಇತ್ತು. ಪೆಟ್ರೋಲ್ ಬ್ಯಾಂಕುಗಳಲ್ಲಿ, ದೂರದ ಎಟಿಎಂಗಳ ತಲೆಮೇಲೆ ನೋಡಿರ್ತೀರಲ್ಲ, ಆ ಜಾತಿಯ ಬಟ್ಟಲು. ನಮ್ಮ ದೇಶದಲ್ಲಿ ಇದು ಹೊಸದಲ್ಲ, ಲೈಸೆನ್ಸ್ ಇರೋ ಕಂಪನಿಗಳು ಎಷ್ಟೋ ವರ್ಷದಿಂದ ಕೊಡ್ತಿವೆ, ಇಸ್ರೋದ ಜಿಸ್ಯಾಟ್ ಉಪಗ್ರಹಗಳಿಂದಲೂ ಕೊಡ್ತಾರೆ. ತಂಡದ ಮುಖ್ಯಸ್ಥರು ಒಳ್ಳೆಯವರು, ಸಂಜೆ ಒಂದು ಗಂಟೆ ನಮಗೂ ಪಾಸ್‌ವರ್ಡ್ ಕೊಟ್ಟರು. ಬದಲಿಗೆ ನಮ್ಮ ಬಾವಿ ನೀರು.

ಹದಿನೆಂಟು ದಿನ ಬಳಸಿದ ಅನುಭವ ಹೇಳ್ತೀನಿ. ವಾಟ್ಸಾಪ್ ಮೆಸೇಜು, ಫೋಟೋ ಎಲ್ಲ ಸಲೀಸಾಗಿ ಹೋಗೋದು. ಮಾತಾಡೋದು ಕಷ್ಟ. ಆ ಉಪಗ್ರಹ ಇರೋದು ಸುಮಾರು 35,786 ಕಿಲೋಮೀಟರ್ ಮೇಲೆ. ನಿಮ್ಮ ಮಾತು ಹತ್ತಿ ಇಳಿಯೋಕೆ ಕಾಲು ಸೆಕೆಂಡು, ಅವರ ಉತ್ತರ ಹತ್ತಿ ಇಳಿಯೋಕೆ ಇನ್ನೊಂದು ಕಾಲು. ಅರ್ಧ ಸೆಕೆಂಡು ಅಂದರೆ ಏನು ಮಹಾ ಅನ್ನಿಸುತ್ತೆ, ಆದರೆ ಅಮ್ಮ ಮಾತಾಡೋಕೆ ಶುರು ಮಾಡೋದೂ ನಾನು ಶುರು ಮಾಡೋದೂ ಒಟ್ಟಿಗೇ ಆಗಿ, ಇಬ್ಬರೂ ನಿಲ್ಲಿಸಿ, ಇಬ್ಬರೂ "ಹೇಳು ಹೇಳು" ಅಂತ ಹತ್ತು ನಿಮಿಷ. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಮೇಲೆ ಮಾತ್ರ ಇರೋದರಿಂದ ಈ ತೊಂದರೆ ಇಲ್ಲ. ಗೆಳೆಯ ಪಕ್ಕದ ರೂಮಿನಿಂದ ಮಾತಾಡಿದ ಹಾಗೆ ಕೇಳಿಸ್ತಾನೆ.

ಆದರೆ ಹಳೇ ವಿಸ್ಯಾಟಿಗೆ ಒಂದು ಅನುಕೂಲ ಇದೆ, ಮಲೆನಾಡಿನವರು ಗಮನಿಸಬೇಕು. ಭಾರತಕ್ಕೆ ಬಿಟ್ಟಿರೋ ಆ ಉಪಗ್ರಹಗಳು ನಮ್ಮ ಕರ್ನಾಟಕದಿಂದ ನೋಡಿದರೆ ಹೆಚ್ಚುಕಡಿಮೆ ನೆತ್ತಿ ಮೇಲೆ, ಚೂರು ದಕ್ಷಿಣಕ್ಕೆ, ಒಂದೇ ಕಡೆ ನಿಂತಿರ್ತವೆ. ಬಟ್ಟಲು ಸರಿಯಾಗಿ ಆ ಕಡೆ ಮುಖ ಮಾಡಿದ್ದರೆ ಸಾಕು, ಹನ್ನೆರಡು ಮೀಟರಿನ ಮರ ನಾಲ್ಕೈದು ಮೀಟರ್ ಪಕ್ಕದಲ್ಲಿದ್ದರೂ ನಡೆಯುತ್ತೆ. ಸ್ಟಾರ್‌ಲಿಂಕ್ ಥರದ್ದು ಹಾಗಲ್ಲ. ಉಪಗ್ರಹಗಳು ಒಂದಾದ ಮೇಲೆ ಒಂದು ಓಡ್ತಾ ಇರ್ತವೆ, ಡಿಶ್‌ಗೆ ಅಗಲವಾದ ಆಕಾಶ ಬೇಕು. ಮಾಮೂಲಿ ಡಿಶ್‌ನ ನೋಟ 110 ಡಿಗ್ರಿ ಅಂತ ಕಂಪನಿ ಹೇಳುತ್ತೆ. ಅದನ್ನ ನಮ್ಮ ಭಾಷೆಗೆ ಇಳಿಸಿದರೆ, ಮರ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರದಲ್ಲಿ ಡಿಶ್ ಇರಬೇಕು. ಹನ್ನೆರಡು ಮೀಟರಿನ ಅಕೇಶಿಯಾಕ್ಕೆ ಹದಿನೇಳು-ಹದಿನೆಂಟು ಮೀಟರ್. ಸುತ್ತಲೂ. ಅಡಿಕೆ ತೋಟದ ನಡುವೆ ಇಡ್ತೀನಿ ಅನ್ನೋರು ಈ ಲೆಕ್ಕ ಹಾಕಿ ನೋಡಿ. ಕ್ಯಾಥರೀನ್‌ನ ಬಯಲಿನಲ್ಲಿ ಗೆಳೆಯನಿಗೆ ಈ ಚಿಂತೆಯೇ ಇಲ್ಲ, ಅವನ ಅನುಭವ ನಮ್ಮ ಕಾಡಂಚಿಗೆ ಹಾಗೇ ತಂದು ಅಂಟಿಸೋಕಾಗಲ್ಲ. ಜೋರು ಮಳೆಯಲ್ಲಿ ಎರಡೂ ತಡವರಿಸ್ತವೆ. ಟಿವಿ ಡಿಶ್ ಮಳೆಗೆ ನಿಂತುಹೋಗೋದು ಗೊತ್ತಲ್ಲ, ಅದೇ ಕಥೆ.

ನೆಟ್ ಸಿಕ್ಕ ಮೇಲೆ ನಾನು ಏನು ಮಾಡಿದೆ ಅನ್ನೋದನ್ನ ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ಮೂರು ದಿನ ಕ್ರಿಕೆಟ್ ಹೈಲೈಟ್ಸ್. ಆಮೇಲೆ ಒಂದು ಪಟ್ಟಿ ಬರೆದಿಟ್ಟೆ, ಬೆಳೆಗೆ ನಿಜವಾಗಿ ಏನು ಬೇಕಾಯಿತು ಅಂತ. ಮೇಘದೂತ್ ಆ್ಯಪಿನಲ್ಲಿ ಹವಾಮಾನ ನೋಡಿದ್ದು. ಮಾರುಕಟ್ಟೆ ದರ ಕೇಳಿದ್ದು (2023ರಲ್ಲಿ ಮುಗಿಲಿಗೆ ಹೋಗಿದ್ದ ಶುಂಠಿ ಬೆಲೆ ಆ ವರ್ಷ ಹೇಗೆ ಇಳೀತು ಅಂತ ಎಲ್ಲರಿಗೂ ಗೊತ್ತು, ಕೇಳದೇ ಇದ್ದರೂ ನಡೀತಿತ್ತು). ಎಲೆ ಚುಕ್ಕೆಯ ಹತ್ತು ಫೋಟೋ ಕಳಿಸಿದ್ದು. ಗಿರಾಕಿಗಳಿಗೆ ಮೆಸೇಜ್. ಎಲ್ಲ ಸೇರಿದರೆ ದಿನಕ್ಕೆ 20 ಎಂಬಿ ದಾಟಲ್ಲ, ಅದೂ ದಿನಕ್ಕೆ ಒಂದು ಸಲ ಸಿಕ್ಕರೆ ಸಾಕು.

ಫೋಟೋ ವಿಚಾರ ಬಂತಲ್ಲ, ಅದನ್ನ ಇನ್ನೂ ಸ್ವಲ್ಪ ಹೇಳ್ತೀನಿ. ಕೊಡಗಿನ ಶುಂಠಿಯಲ್ಲಿ 2024ರಲ್ಲಿ ಪೈರಿಕುಲೇರಿಯಾ ಅನ್ನೋ ಶಿಲೀಂಧ್ರದ ಎಲೆರೋಗ ಕಾಣಿಸಿಕೊಂಡಿದೆ ಅಂತ ಕೋಯಿಕ್ಕೋಡ್‌ನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯವರು ಗುರುತಿಸಿದ್ದರು. ಭತ್ತದ ಬೆಂಕಿರೋಗದ ಕುಲದ್ದೇ ಅದು. ಆ ಸುದ್ದಿ ಕೇಳಿ ನನಗೆ ನಡುಕ. ಆಗಸ್ಟಿನಲ್ಲಿ ನಮ್ಮ ಮಡಿಯಲ್ಲೂ ಎಲೆ ಹಳದಿಯಾದಾಗ ಫೋಟೋ ತೆಗೆದು, ಬಂಡೆ ಹತ್ತಿ, ಪರಿಚಯದ ವಿಜ್ಞಾನಿಯೊಬ್ಬರಿಗೆ ಕಳಿಸಿದೆ. ಉತ್ತರ ನೋಡೋಕೆ ಮರುದಿನ ಸಂಜೆ ಮತ್ತೆ ಬಂಡೆ ಹತ್ತಿದೆ. ನಮ್ಮದು ಮಾಮೂಲಿ ಗೆಡ್ಡೆ ಕೊಳೆ, ಕಾಲುವೆ ಬಿಡಿಸಿ ನೀರು ಹೊರಗೆ ಹಾಕಿ, ಕೊಳೆತ ಬುಡ ಕಿತ್ತು ಆಚೆ ಸಾಗಿಸಿ ಅಂದರು. ಒಂದು ದಿನ ತಡವಾಯಿತಲ್ಲ ಅಂತ ಆಗ ಬೇಜಾರಾಗಿತ್ತು. ಆದರೆ ಕಾಲುವೆ ಬಿಡಿಸಬೇಕು ಅನ್ನೋದು ನನಗೆ ಮೊದಲೇ ಗೊತ್ತಿತ್ತು! ನಾಲ್ಕು ವರ್ಷ ಅದನ್ನೇ ಓದಿ ಪಾಸಾಗಿದ್ದೀನಿ. ಮಳೆಯಲ್ಲಿ ಗುದ್ದಲಿ ಹಿಡಿಯೋ ಸೋಮಾರಿತನಕ್ಕೆ ಫೋಟೋ ಕಳಿಸೋದು ಒಂದು ನೆಪವಾಯಿತು.

ನಾನು ಮನಸ್ಸು ಬದಲಿಸಿದ ಜಾಗ

ಇಷ್ಟು ಓದಿದರೆ ಸ್ಯಾಟಲೈಟ್ ನೆಟ್ ಶೋಕಿ ಅಂತ ನಾನು ಹೇಳ್ತಿದ್ದೀನಿ ಅನ್ನಿಸಬಹುದು. ಒಂದು ವಿಷಯದಲ್ಲಿ ನನ್ನ ಎಣಿಕೆ ತಪ್ಪಾಗಿತ್ತು.

ಆ ಹದಿನೆಂಟು ದಿನ ಸಂಜೆ ನೆಟ್ ಬಂದ ತಕ್ಷಣ ಮೊದಲು ಫೋನ್ ಹಿಡಿತಿದ್ದದ್ದು ಹಾವೇರಿಯ ಅಕ್ಕ. ಅವರ ಮಗಳು ಊರಲ್ಲಿ ಅಜ್ಜಿ ಮನೇಲಿ ಏಳನೇ ಕ್ಲಾಸು. ಏಳು ತಿಂಗಳಲ್ಲಿ ಆ ಹುಡುಗಿ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಅರ್ಧ ಸೆಕೆಂಡಿನ ತಡ ಅವರಿಗೆ ಗೊತ್ತೇ ಆಗಲಿಲ್ಲ. ಮಗಳು ಪಾಠ ಓದೋದು, ಇವರು ಸುಮ್ಮನೆ ನೋಡ್ತಾ ಕೂರೋದು. ಟೆಂಟ್ ಬಿಚ್ಚಿಕೊಂಡು ಸರ್ವೆಯವರು ಹೋದ ಮೇಲೆ ನಾಲ್ಕನೇ ದಿನಕ್ಕೆ "ಅಣ್ಣಾರ, ನಾವೂ ಊರಿಗೆ ಹೊಂಟ್ವಿ ನೋಡ್ರಿ" ಅಂದರು. ಕೀಳೋ ಕೆಲಸ ಇನ್ನೂ ಬಾಕಿ ಇತ್ತು. ಕೂಲಿ ಹೆಚ್ಚು ಮಾಡ್ತೀನಿ ಅಂದೆ. ಕೂಲಿ ಮಾತಲ್ಲ ಅಂದರು.

ಈಗ ಕೆಲಸಕ್ಕೆ ಜನ ಕರೆಯೋಕೆ ಫೋನ್ ಮಾಡಿದರೆ ಮೊದಲು ಕೇಳೋದು ಕೂಲಿ ಎಷ್ಟು ಅಂತಲ್ಲ. "ಅಲ್ಲಿ ನೆಟ್‌ವರ್ಕ್ ಸಿಗ್ತೈತೇನ್ರಿ?" ಇದನ್ನ ನಮ್ಮ ಕಡೆ ಹಿರಿಯರು ಹಾಸ್ಯ ಮಾಡ್ತಾರೆ. ರೀಲ್ಸ್ ನೋಡೋಕೆ ಅಂತಾರೆ. ನಾನೂ ಅಂತಿದ್ದೆ. ಎಂಟು ತಿಂಗಳು ಮನೆ ಬಿಟ್ಟು ಕಾಡಂಚಿನ ಶೆಡ್ಡಲ್ಲಿ ನನ್ನ ಶುಂಠಿ ಕಾಯೋ ಮನುಷ್ಯ ಸಂಜೆ ಮಗಳ ಜೊತೆ ಮಾತಾಡಬೇಕು ಅಂದರೆ ಅದು ಕುಡಿಯೋ ನೀರು, ಕಕ್ಕಸಿನಷ್ಟೇ ಅಗತ್ಯದ ಮಾತು. ಹಾಗಾಗಿ ಈಗ ನನ್ನ ಅಭಿಪ್ರಾಯ ಇದು: ಶೆಡ್ಡಿಗೆ ನೆಟ್ ತರೋದಾದರೆ ಅದರ ಖರ್ಚನ್ನ ಬೆಳೆಯ ಲೆಕ್ಕದಲ್ಲಿ ಹುಡುಕಬೇಡಿ, ಅಲ್ಲಿ ಹುಟ್ಟಲ್ಲ. ಕೆಲಸದವರ ವಸತಿಯ ಲೆಕ್ಕಕ್ಕೆ ಬರೆಯಿರಿ. ಪಾಸ್‌ವರ್ಡ್ ತಾವೊಬ್ಬರೇ ಇಟ್ಟುಕೊಳ್ಳೋ ಯಜಮಾನರನ್ನೂ ನೋಡಿದ್ದೀನಿ. ಅಂಥವರು ಡಿಶ್ ತರೋದೇ ಬೇಡ.

ಕಾನೂನು, ಕಂಪನಿ, ವಾಟ್ಸಾಪ್ ದರಪಟ್ಟಿ

ಗೆಳೆಯನ ಡಿಶ್ ಯಾಕೆ ಬೇಡ ಅಂದೆ ಅಂತ ಹೇಳಲಿಲ್ಲ ಅಲ್ವಾ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದ ಇಂಥ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳೋದೇ ಅಪರಾಧ. ಆನ್ ಮಾಡಬೇಕು ಅಂತೇನಿಲ್ಲ. ಸ್ಯಾಟಲೈಟ್ ಮೆಸೇಜ್ ಕಳಿಸೋ ಪುಟ್ಟ ಯಂತ್ರ ಚೀಲದಲ್ಲಿತ್ತು ಅಂತ ವಿಮಾನ ನಿಲ್ದಾಣದಲ್ಲಿ ಪ್ರವಾಸಿಗಳು ಸಿಕ್ಕಿಬಿದ್ದಿದ್ದಾರೆ. ಇನ್ನೊಂದು, ತಂದರೂ ಅದು ಕೆಲಸ ಮಾಡೋ ಗ್ಯಾರಂಟಿ ಇಲ್ಲ. 2024ರ ಡಿಸೆಂಬರಿನಲ್ಲಿ ಮಣಿಪುರದಲ್ಲಿ ಸ್ಟಾರ್‌ಲಿಂಕ್ ಹೆಸರಿನ ಉಪಕರಣ ಸಿಕ್ಕಾಗ, ಭಾರತದ ಮೇಲೆ ನಮ್ಮ ಉಪಗ್ರಹಗಳ ಸೇವೆ ಆಫ್ ಇದೆ ಅಂತ ಕಂಪನಿಯ ಮಾಲೀಕರೇ ಹೇಳಿದ್ದರು.

ಕಾನೂನಿನ ದಾರಿ ಈಗ ಅರ್ಧ ತೆರೆದಿದೆ. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿದ್ದು 2025ರ ಜೂನಿನಲ್ಲಿ, ಇನ್‌ಸ್ಪೇಸ್ ಅನುಮತಿ ಜುಲೈನಲ್ಲಿ. ಒನ್‌ವೆಬ್, ಜಿಯೋದ ಜಂಟಿ ಕಂಪನಿಗಳಿಗೆ ಅದಕ್ಕೂ ಮೊದಲೇ ಸಿಕ್ಕಿದೆ. ನಾನಿದನ್ನ ಬರೆಯುವ ಹೊತ್ತಿಗೆ, 2025ರ ಡಿಸೆಂಬರಿನಲ್ಲಿ, ರೈತರಾದ ನೀವು-ನಾವು ಹೋಗಿ ಕೊಳ್ಳೋ ಹಾಗೆ ಸೇವೆ ಶುರುವಾಗಿಲ್ಲ. ಹಾಗಾಗಿ ಗ್ರೂಪುಗಳಲ್ಲಿ ಓಡಾಡೋ ದರಪಟ್ಟಿ, "ಮುಂಗಡ ಬುಕ್ಕಿಂಗ್" ಲಿಂಕು ಯಾವುದಕ್ಕೂ ದುಡ್ಡು ಹಾಕಬೇಡಿ. 2021ರಲ್ಲಿ ಲೈಸೆನ್ಸ್ ಇಲ್ಲದೆ ಬುಕ್ಕಿಂಗ್ ತಗೊಂಡಾಗ ಸರಕಾರವೇ ಜನರಿಗೆ ಎಚ್ಚರಿಕೆ ಕೊಟ್ಟು, ಕಂಪನಿ ಹಣ ವಾಪಸ್ ಕೊಡಬೇಕಾಯಿತು. ಅಸಲಿ ಕಂಪನಿಯದ್ದೇ ಹಾಗಾದರೆ ನಕಲಿ ಲಿಂಕಿನದ್ದು ಕೇಳಬೇಡಿ.

ಸೇವೆ ಬಂದ ಮೇಲೂ ನಮ್ಮಂಥವರಿಗೆ ಒಂದು ತೊಡಕಿದೆ, ಇದನ್ನ ಯಾರೂ ಮಾತಾಡ್ತಿಲ್ಲ. ಸಂಪರ್ಕ ತಗೊಳ್ಳೋಕೆ ವಿಳಾಸ ಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆ ಪ್ರಕಾರ ಕೃಷಿ ಜಮೀನು ಗೇಣಿಗೆ ಕೊಡೋ ಹಾಗೇ ಇಲ್ಲ, ನಮ್ಮ ಶುಂಠಿ ಗುತ್ತಿಗೆಯೆಲ್ಲ ಬಾಯಿಮಾತು. ಕಾಗದದಲ್ಲಿ ನಾನು ಆ ಜಾಗದಲ್ಲಿ ಇಲ್ಲವೇ ಇಲ್ಲ. ಇತ್ತ ಸರಕಾರದ ಭದ್ರತಾ ಷರತ್ತಿನಲ್ಲಿ ಪ್ರತಿ ಡಿಶ್ ಎಲ್ಲಿದೆ ಅನ್ನೋದು ಕಂಪನಿಗೆ ಗೊತ್ತಿರಬೇಕು. ಮನೆ ವಿಳಾಸಕ್ಕೆ ತಗೊಂಡು ಎಂಬತ್ತು ಕಿಲೋಮೀಟರ್ ದೂರದ ಗುಡ್ಡದಲ್ಲಿ ಇಟ್ಟರೆ ನಡೆಯುತ್ತಾ? ಜಾಗ ಬದಲಿಸೋ ಪ್ಲಾನ್ ಬೇರೆ ದುಡ್ಡಾ? ಕೊಳ್ಳೋ ಮೊದಲು ಈ ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಈ ವರ್ಷ ನಾನು ಮಾಡಿದ್ದು

2025ರಲ್ಲಿ ಜಾಗ ಬದಲಾಯಿತು, ಹಿನ್ನೀರಿನ ದಡವೇ, ಇನ್ನೊಂದು ಮೂಲೆ. ಶೆಡ್ ಕಟ್ಟೋ ಮೊದಲು ಎರಡು ಕಂಪನಿ ಸಿಮ್ ಹಾಕಿದ ಫೋನ್ ಹಿಡಿದು ಇಡೀ ಜಮೀನು ಸುತ್ತಿದೆ. ನೀರಿನ ಆಚೆ, ಐದು ಕಿಲೋಮೀಟರ್ ದೂರದಲ್ಲಿ ಒಂದು ಟವರ್. ನಡುವೆ ನೀರು, ಅಡ್ಡ ಮರವಿಲ್ಲ. ದಿಬ್ಬದ ಮೇಲೆ ಕೈ ಎತ್ತಿ ಹಿಡಿದರೆ ಒಂದು ಕಡ್ಡಿ ಬಂದು ಹೋಗ್ತಿತ್ತು. ಅಷ್ಟು ಸಾಕಾಯಿತು.

ಸಿಮ್ ಹಾಕೋ 4ಜಿ ರೂಟರ್, ಅದಕ್ಕೆ ಹೊರಗಿನ ಆಂಟೆನಾ ಸಿಕ್ಕಿಸೋ ಎರಡು ತೂತು ಇರೋದು ನೋಡಿ ತಗೊಂಡೆ. ಮೀನಿನ ಮುಳ್ಳಿನ ಹಾಗಿರೋ ಆಂಟೆನಾ ಎರಡು, ಇಪ್ಪತ್ತು ಅಡಿ ಬಿದಿರಿನ ಗಳು, ಕೇಬಲ್. ಎಲ್ಲ ಸೇರಿ ನನಗೆ ಏಳೂವರೆ ಸಾವಿರ ಆಯಿತು. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುತ್ತೆ, ಅದಕ್ಕೆ ರೂಟರನ್ನೇ ಪ್ಲಾಸ್ಟಿಕ್ ಡಬ್ಬದಲ್ಲಿ ಗಳಕ್ಕೆ ಕಟ್ಟಿ, ಕೆಳಗಿಂದ 12 ವೋಲ್ಟ್ ವಯರ್ ಮಾತ್ರ ಎಳೆದೆ. ಮಂಗಗಳು ಒಂದು ಸಲ ಆಂಟೆನಾ ತಿರುಗಿಸಿ ಹೋದವು, ಅರ್ಧ ದಿನ ಹಾಳು. ಗುಡುಗು ಶುರುವಾದರೆ ವಯರ್ ಕಿತ್ತಿಡೋದು ನಿಯಮ. ದಯವಿಟ್ಟು ಅಂಗಡಿಯವರು ಕೊಡೋ "ಬೂಸ್ಟರ್" ಮಾತ್ರ ತಗೋಬೇಡಿ. ಸಿಗ್ನಲ್ ಹಿಡಿದು ಮತ್ತೆ ಬಿಡೋ ಆ ರಿಪೀಟರ್ ಅನುಮತಿಯಿಲ್ಲದೆ ಹಾಕೋದು ಕಾನೂನುಬಾಹಿರ, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತೆ. ರೂಟರಿಗೆ ಆಂಟೆನಾ ಹಾಕೋದು ಬೇರೆ, ಬೂಸ್ಟರ್ ಬೇರೆ.

ರೂಟರ್ ಎಳೆಯೋದು 8 ವ್ಯಾಟ್. ಹಗಲು-ರಾತ್ರಿ ಸೇರಿ 190 ಚಿಲ್ಲರೆ. ಪ್ಯಾನೆಲ್ ಒಂದರ ಜಾಗದಲ್ಲಿ ಮೂರು ಹಾಕಿದೆ, ಈ ಜುಲೈ ಪೂರ್ತಿ ಒಂದು ರಾತ್ರಿಯೂ ಆಫ್ ಮಾಡಲಿಲ್ಲ. ನನಗೆ ಬೇಕಿದ್ದದ್ದು ಅದು, ವೇಗ ಅಲ್ಲ. ಫೋನುಗಳಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟಿದ್ದೀವಿ. ವೈಫೈ ಮೇಲೆ 108, 112 ಹೋಗೇ ಹೋಗುತ್ತೆ ಅಂತ ನಂಬಿ ಕೂತಿಲ್ಲ. ಊರಲ್ಲಿ ಎರಡು ಮನೆಯವರಿಗೆ ಹೇಳಿದ್ದೀನಿ, ನಮ್ಮ ಶೆಡ್ಡಿಂದ ವಾಟ್ಸಾಪ್ ಕಾಲ್ ರಾತ್ರಿ ಬಂದರೆ ಎತ್ತಿ, ನಮ್ಮ ಪರವಾಗಿ ಅವರು 108ಕ್ಕೆ ಮಾಡಬೇಕು, ಜೀಪ್ ಎಬ್ಬಿಸಬೇಕು. ಆ ಎರಡು ನಂಬರ್ ಶೆಡ್ಡಿನ ಬಾಗಿಲ ಮೇಲೆ ಪೇಂಟಲ್ಲಿ ಬರೆದಿದೆ. ಓದೋಕೆ ಬರದವರಿಗೂ ಫೋನಲ್ಲಿ ಮೊದಲ ಎರಡು ಹೆಸರು ಅವೇ, ಫೋಟೋ ಸಮೇತ.

ಟವರ್ ಎಲ್ಲೂ ಕಾಣದ, ಹಳ್ಳದೊಳಗಿನ ಜಾಗ ನಿಮ್ಮದಾಗಿದ್ದರೆ ನನ್ನ ಈ ಉಪಾಯ ನಡೆಯಲ್ಲ. ಅಂಥ ಕಡೆ ಸ್ಯಾಟಲೈಟ್ ಬಿಟ್ಟು ದಾರಿಯಿಲ್ಲ, ಒಪ್ತೀನಿ. ಹಾಗಿದ್ದರೂ ಮೊದಲು ಒಂದು ಸಲ ಹತ್ತಿರದ ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ಹೊಸ ಟವರ್ ಎಲ್ಲಿ ಬಂದಿದೆ ಕೇಳಿ. 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಅವರ 4ಜಿ ಉದ್ಘಾಟನೆ ಆಗಿದೆ, ಹೋದ ವರ್ಷ ಇಲ್ಲದ ಕಡೆ ಈ ವರ್ಷ ಇರಬಹುದು. ಅದೂ ಇಲ್ಲವೆಂದರೆ ಒಂದೇ ಕಣಿವೆಯ ನಾಲ್ಕೈದು ಶೆಡ್ಡಿನವರು ಸೇರಿ. ಶುಂಠಿಯವರು ಒಬ್ಬರ ಪಕ್ಕ ಒಬ್ಬರು ಇರ್ತಾರೆ, ಆದರೆ ಪಂಪು ಹಂಚಿಕೊಳ್ಳೋದಕ್ಕೂ ಜಗಳ. ಪ್ಯಾನೆಲ್ ಖರ್ಚು ಐದು ಭಾಗ ಆದರೆ ಮಾತ್ರ ಡಿಶ್ ರಾತ್ರಿ ಪೂರ್ತಿ ಆನ್ ಇಡೋಕೆ ಸಾಧ್ಯ. ಹಂಚಿಕೊಳ್ಳೋಕೆ ಕಂಪನಿಯ ಷರತ್ತು ಬಿಡುತ್ತಾ ಅಂತ ಓದಿಕೊಂಡು, ಆಮೇಲೆ.

ಹೋದ ವಾರ ಹಾವೇರಿಯಿಂದ ಫೋನ್ ಬಂತು. ಅದೇ ಅಣ್ಣ. ಕಾಲು ಈಗ ಪೂರ್ತಿ ಸರಿಯಿದೆಯಂತೆ. ಬರೋ ಏಪ್ರಿಲ್ಲಿಗೆ ಬೀಜ ಹಾಕೋಕೆ ಬರ್ತೀವಿ ಅಂದರು. ಹಿಂದಿನಿಂದ ಅಕ್ಕನ ಧ್ವನಿ, "ನೆಟ್ ಐತೇನಂತ ಕೇಳ್ರಿ ಮೊದ್ಲ."

ಹೊಸ ಜಾಗ ಇನ್ನೂ ನೋಡಿಲ್ಲ, ನೋಡಿ ಹೇಳ್ತೀನಿ ಅಂದಿದ್ದೀನಿ. ಭಾನುವಾರ ಎರಡು ಸಿಮ್ ಹಾಕ್ಕೊಂಡು ಗುಡ್ಡ ಸುತ್ತೋಕೆ ಹೋಗ್ತಿದ್ದೀನಿ.